ಸವಾರಿಗೂ ಮುಂಚೆ ಗೊರಸು: ಕುದುರೆ ಜೊತೆ ಮೊದಲ ಪಾಠ

ಸವಾರಿ ಕಲಿಯಲು ಬಂದವರು ಮೊದಲು ಕೇಳುವುದು, ‘ಯಾವತ್ತು ಓಡಿಸಬಹುದು?’ ಎಂದು. ನನ್ನ ಉತ್ತರ ಯಾವಾಗಲೂ ಒಂದೇ. ಕುದುರೆಯ ನಾಲ್ಕೂ ಕಾಲನ್ನು ನೀವೇ ಎತ್ತಿ, ಗೊರಸು ಸ್ವಚ್ಛ ಮಾಡಿ, ನಿಧಾನಕ್ಕೆ ನೆಲಕ್ಕಿಳಿಸಿದ ಮೇಲೆ. ಅಷ್ಟು ಹೊತ್ತಿಗೆ ನಿಮ್ಮ ವಾಸನೆ, ದನಿ, ಕೈ ಎಲ್ಲ ಅದಕ್ಕೆ ಪರಿಚಯವಾಗಿರುತ್ತದೆ. ಗುರುತಿಲ್ಲದವರನ್ನು ಬೆನ್ನ ಮೇಲೆ ಕೂರಿಸಿಕೊಳ್ಳುವುದು ಅದಕ್ಕೂ ಕಷ್ಟ ಅಲ್ವಾ?

ಹತ್ತಿರ ಹೋಗುವ ರೀತಿ ಮೊದಲು. ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಸುತ್ತಲಿನ ಬಹುತೇಕ ಎಲ್ಲವೂ ಅದಕ್ಕೆ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ. ಹಾಗಾಗಿ ಎಡ ಭುಜದ ಕಡೆಯಿಂದ, ಮಾತಾಡಿಸುತ್ತಾ ಹೋಗಿ. ಕಿವಿ ಹಿಂದಕ್ಕೆ ಒತ್ತಿ ಮಲಗಿಸಿದ್ದರೆ ಕೋಪದಲ್ಲಿದೆ ಎಂದರ್ಥ, ಅಲ್ಲೇ ನಿಲ್ಲಿ. ಒಪ್ಪಿತು ಅನಿಸಿದರೆ ಕತ್ತಿನ ಮೇಲೆ ಅಂಗೈ ಇಟ್ಟು ಸವರಿ.

ಮೈ ಬ್ರಷ್ ಮಾಡುವುದು ಸುಲಭ. ಕೂದಲು ಬೆಳೆದ ದಿಕ್ಕಿಗೇ ಎಳೆಯಿರಿ. ಜೀನು ಕೂರುವ ಜಾಗದಲ್ಲಿ ಒಂದು ಕಾಳು ಮಣ್ಣೂ ಉಳಿಯಬಾರದು, ಉಜ್ಜಿ ಗಾಯವಾಗುತ್ತದೆ.

ಈಗ ಗೊರಸು. ಎಡ ಮುಂಗಾಲಿನ ಪಕ್ಕ, ಬಾಲದ ಕಡೆ ಮುಖ ಮಾಡಿ ನಿಲ್ಲಿ. ಭುಜದಿಂದ ಕೈ ಇಳಿಸುತ್ತಾ ಕಾಲಿನ ಹಿಂಭಾಗ ಸವರಿ, ಗೊರಸಿಗಿಂತ ಸ್ವಲ್ಪ ಮೇಲೆ ಮೆಲ್ಲಗೆ ಹಿಸುಕಿ. ಎತ್ತದಿದ್ದರೆ ನಿಮ್ಮ ಭುಜದಿಂದ ಅದರ ಭುಜಕ್ಕೆ ಸುಮ್ನೆ ಒರಗಿ. ಭಾರ ಆಚೆ ಕಾಲಿಗೆ ಹೋಗಿ ಈ ಕಾಲು ಹಗುರವಾಗುತ್ತದೆ. ಬಗ್ಗಿ ಕೆಲಸ ಮಾಡಿ, ಯಾವತ್ತೂ ಕೂರಬೇಡಿ, ಮಂಡಿ ಊರಬೇಡಿ. ಹಿಂಗಾಲು ಎತ್ತುವಾಗ ಮೈಗೆ ತಾಗಿಕೊಂಡೇ ನಿಲ್ಲಿ. ಒಂದು ಮಾರು ದೂರದಲ್ಲಿ ನಿಂತರೆ ಒದೆತದ ಪೂರ್ತಿ ಬಲ ಬೀಳುವುದು ಅಲ್ಲೇ.

ಗೊರಸಿನ ತಳದಲ್ಲಿ ಮೆತ್ತಗಿನ ತ್ರಿಕೋನದಂಥ ಭಾಗವಿದೆ. ಅದರ ಎರಡೂ ಪಕ್ಕದ ಸಂದಿನಲ್ಲಿ ಲದ್ದಿ, ಮಣ್ಣು ಸೇರಿ ಗಟ್ಟಿಯಾಗಿರುತ್ತದೆ. ಗೊರಸು ಕೆರೆಯುವ ಕೊಕ್ಕೆಯನ್ನು ಹಿಮ್ಮಡಿಯಿಂದ ತುದಿಯ ಕಡೆಗೆ ಎಳೆಯಿರಿ. ಬಿಲ್ಲೆಯ ಹಾಗೆ ಕಿತ್ತು ಬರುತ್ತದೆ. ಎಷ್ಟೋ ಸಲ ಅದರಡಿ ಬಟಾಣಿ ಗಾತ್ರದ ಕಲ್ಲು ಕೂತಿರುತ್ತದೆ. ಇಡೀ ಭಾರ ಆ ಕಲ್ಲಿನ ಮೇಲೆ ಬಿದ್ದರೆ ಹೇಗಿರಬೇಡ! ಕೊಳೆತ ವಾಸನೆ, ಕಪ್ಪು ಕೀವು ಕಂಡರೆ ಹೆಚ್ಚಾಗಿ ಲಾಯದ ನೆಲ ಒದ್ದೆಯಾಗಿರುವುದೇ ಕಾರಣ. ಒಂದು ಗೊರಸು ಮಾತ್ರ ಬಿಸಿಯಿದ್ದರೆ ಅವತ್ತು ಸವಾರಿ ಬೇಡ, ವೈದ್ಯರಿಗೆ ತೋರಿಸಿ. ಗೊರಸು ನಮ್ಮ ಉಗುರಿನ ಹಾಗೆ ಬೆಳೆಯುತ್ತಲೇ ಇರುತ್ತದೆ. ಸುಮಾರು 6 ವಾರಕ್ಕೊಮ್ಮೆ ಕತ್ತರಿಸಿ ಲಾಳ ಬದಲಿಸಬೇಕು. ಹೊರಗೋಡೆಯಲ್ಲಿ ನರವಿಲ್ಲ, ಸರಿಯಾಗಿ ಹೊಡೆದ ಮೊಳೆ ನೋಯುವುದಿಲ್ಲ.

ಮೇವಿನ ವಿಷಯದಲ್ಲಿ ಹುಷಾರಾಗಿರಿ. 400 ಕಿಲೋ ತೂಗುವ ಕುದುರೆಗೆ ದಿನಕ್ಕೆ 6ರಿಂದ 8 ಕಿಲೋ ಒಣಹುಲ್ಲು ಬೇಕು. ನೀರು 25ರಿಂದ 40 ಲೀಟರ್, ಬೇಸಿಗೆಯಲ್ಲಿ ಇನ್ನೂ ಜಾಸ್ತಿ. ನಮ್ಮ ಕಡೆ ಹಿಂದಿನಿಂದಲೂ ಹುರುಳಿ ಕೊಡುತ್ತಾರೆ. ನೆನೆಸಿ ಅಥವಾ ಬೇಯಿಸಿ ಆರಿಸಿ, ಹಿತಮಿತವಾಗಿ ಕೊಡಿ. ಕುದುರೆಯ ಹೊಟ್ಟೆ ಅದರ ಮೈಗೆ ಹೋಲಿಸಿದರೆ ತುಂಬಾ ಚಿಕ್ಕದು, ವಾಂತಿ ಮಾಡಲೂ ಅದಕ್ಕಾಗದು. ಹಾಗಾಗಿ ಸ್ವಲ್ಪಸ್ವಲ್ಪವೇ, ಹಲವು ಸಲ. ಮೇವು ಬದಲಿಸುವುದಾದರೆ ವಾರವಾದರೂ ತೆಗೆದುಕೊಳ್ಳಿ. ನೆಲ ಕೆರೆಯುವುದು, ಪಕ್ಕೆ ತಿರುಗಿ ನೋಡುವುದು, ಹೊರಳಾಡುವುದು, ಲದ್ದಿ ಹಾಕದಿರುವುದು ಹೊಟ್ಟೆನೋವಿನ ಗುರುತು. ಮನೆಮದ್ದು ಮಾಡುತ್ತಾ ಕೂರಬೇಡಿ. ಮೇವು ತೆಗೆದು, ತಕ್ಷಣ ಪಶುವೈದ್ಯರನ್ನು ಕರೆಸಿ.

ತರಬೇತಿ ಎಂದರೆ ಹೆದರಿಸುವುದಲ್ಲ, ಹೆದರಿಕೆ ಬಿಡಿಸುವುದು. ಮೈಸೂರಿನಲ್ಲಿ ಜಂಬೂಸವಾರಿ ದಿನ 21 ಕುಶಾಲತೋಪು ಹಾರಿಸುತ್ತಾರೆ. ಅದಕ್ಕೂ ಮುಂಚೆಯೇ ಆನೆ, ಕುದುರೆಗಳನ್ನು ತಂದು ನಿಲ್ಲಿಸಿ ತಾಲೀಮು ನಡೆಸುತ್ತಾರೆ, ಸದ್ದು ಕಿವಿಗೆ ರೂಢಿಯಾಗಲಿ ಎಂದು. ನಿಮ್ಮ ಕುದುರೆ ಕೊಡೆಗೋ ಪ್ಲಾಸ್ಟಿಕ್ ಚೀಲಕ್ಕೋ ಬೆಚ್ಚಿದರೆ ಅದೇ ದಾರಿ ಹಿಡಿಯಿರಿ. ದೂರದಿಂದ ತೋರಿಸಿ, ಶಾಂತವಾದ ಕೂಡಲೇ ಹೊಗಳಿ, ನಾಳೆ ಎರಡು ಹೆಜ್ಜೆ ಹತ್ತಿರ.

ಇನ್ನು ಹತ್ತುವುದು. ಹೆಲ್ಮೆಟ್, ಸಣ್ಣ ಹಿಮ್ಮಡಿಯ ಶೂ ಕಡ್ಡಾಯ. ಹಿಮ್ಮಡಿ ಇಲ್ಲದಿದ್ದರೆ ಪಾದ ರಿಕಾಪಿನೊಳಗೆ (ಜೀನಿನಿಂದ ಇಳಿಬಿಟ್ಟ, ಕಾಲಿಡುವ ಬಳೆ) ಜಾರಿ ಸಿಕ್ಕಿಕೊಳ್ಳಬಹುದು. ಜೀನನ್ನು ಹಿಡಿದಿಡುವ ಹೊಟ್ಟೆಪಟ್ಟಿ ಬಿಗಿಯುವಾಗ ಎಷ್ಟೋ ಕುದುರೆಗಳು ಎದೆ ಉಬ್ಬಿಸುತ್ತವೆ. ನಾಲ್ಕು ಹೆಜ್ಜೆ ನಡೆಸಿ ಮತ್ತೆ ಬಿಗಿಯಲೇಬೇಕು. ಕಲಿಯುವ ದಿನಗಳಲ್ಲಿ ನಾನು ಇದನ್ನು ಬಿಟ್ಟಿದ್ದೆ. ರಿಕಾಪಿಗೆ ಕಾಲಿಟ್ಟು ಏಳುತ್ತಿದ್ದಂತೆ ಜೀನು ಪಕ್ಕಕ್ಕೆ ವಾಲಿ, ಅಂಗಾತ ಬಿದ್ದೆ. ಬೆನ್ನು ನೋವು ಒಂದು ತಿಂಗಳಿತ್ತು. ಕುದುರೆ ನಿಂತಲ್ಲೇ ನಿಂತಿತ್ತು, ಅದರಿಂದ ಬಚಾವಾದೆ.

ಎಡಗೈಯಲ್ಲಿ ಲಗಾಮು ಮತ್ತು ಕುತ್ತಿಗೆ ಕೂದಲು ಹಿಡಿದು, ಎಡಗಡೆಯಿಂದ ಹತ್ತಿ. ಸೊಂಟದ ಎಡಕ್ಕೆ ಕತ್ತಿ ತೂಗುತ್ತಿದ್ದ ಸವಾರರಿಂದ ಬಂದ ರೂಢಿ ಇದು. ದೊಪ್ಪನೆ ಕೂರಬೇಡಿ, ಹಗುರಾಗಿ ಇಳಿಯಿರಿ. ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಲಿ. ಮುಂದೆ ಹೋಗಲು ಮೀನಖಂಡದಿಂದ ಮೆಲ್ಲಗೆ ಒತ್ತಿ. ನಿಲ್ಲಿಸಲು ಬೆನ್ನು ನೆಟ್ಟಗೆ ಮಾಡಿ ಬೆರಳು ಬಿಗಿಯಿರಿ, ಜಗ್ಗಬೇಡಿ. ಕಡಿವಾಣ ಕೂತಿರುವುದು ಅದರ ಬಾಯಿಯ ಮೆತ್ತನೆಯ ಮಾಂಸದ ಮೇಲೆ. ಲಗಾಮನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಮೊದಲ ಕೆಲವು ವಾರ ನಡಿಗೆಯೊಂದೇ ಸಾಕು.

ಇಳಿದ ಮೇಲೆ ಹೊಟ್ಟೆಪಟ್ಟಿ ಸಡಿಲಿಸಿ, ಉಸಿರು ತಹಬಂದಿಗೆ ಬರುವವರೆಗೆ ನಡೆಸಿ. ನೀರು ಕುಡಿಸಿ. ಜೀನಿನಡಿಯ ಬೆವರು ಒರೆಸಿ, ನಾಲ್ಕೂ ಗೊರಸನ್ನು ಇನ್ನೊಮ್ಮೆ ನೋಡಿ ಲಾಯಕ್ಕೆ ಬಿಡಿ.