ಎಸ್‌ಒಎ ಸಾಲಿನಲ್ಲಿ @ ಇಲ್ಲದ ಇಮೇಲ್

"ಸಾರ್, ನಿಮ್ಮ ಡೊಮೇನಿನ ಎಸ್‌ಒಎಯಲ್ಲಿರೋ ವಿಳಾಸಕ್ಕೆ ಮೂರು ಸಲ ಮೇಲ್ ಹಾಕಿದೆ, ಮೂರೂ ವಾಪಸ್ ಬಂತು." ಪರಿಚಯವೇ ಇಲ್ಲದ ಅಡ್ಮಿನ್ ಒಬ್ಬರು ಹೇಗೋ ನಂಬರ್ ಹುಡುಕಿ ಫೋನ್ ಮಾಡಿದ್ದರು. ಎಸ್‌ಒಎ ಅಂದರೆ ಡಿಎನ್‌ಎಸ್‌ನಲ್ಲಿ (ಡೊಮೇನ್ ಹೆಸರುಗಳ ವಿಳಾಸ ಹೇಳುವ ವ್ಯವಸ್ಥೆ) ಡೊಮೇನಿನ ಹೊಣೆಗಾರರ ಇಮೇಲ್ ಇರುವ ದಾಖಲೆ. ನಮ್ಮ ಎರಡನೇ ನೇಮ್‌ಸರ್ವರ್ (ಮೊದಲನೆಯದರ ನಕಲು ಇಟ್ಟುಕೊಂಡು ಡೊಮೇನಿನ ಬಗ್ಗೆ ಕೇಳಿದವರಿಗೆ ಉತ್ತರಿಸುವ ಸರ್ವರ್) ಹಳೆಯ ಉತ್ತರ ಕೊಡುತ್ತಿದೆ ಎಂದು ತಿಳಿಸಲು ಅಷ್ಟು ಒದ್ದಾಡಿದ್ದರು.

ಡಿಎನ್‌ಎಸ್ ಉತ್ತರ ತೋರಿಸುವ ಡಿಗ್ ಆಜ್ಞೆ ಹಾಕಿ ನೋಡಿದೆ. ನಿಜವಾದ ಹೆಸರು ಬೇಡ, ಎಕ್ಸಾಂಪಲ್.ಕಾಮ್ ಅಂತಲೇ ಇಟ್ಟುಕೊಳ್ಳೋಣ. ಸಾಲು ಹೀಗಿತ್ತು:

ಸಿಸ್ಟಂ.ಅಡ್ಮಿನ್.ಎಕ್ಸಾಂಪಲ್.ಕಾಮ್.

ಬರೆದವನು ನಾನೇ. ಝೋನ್ ಫೈಲಿನಲ್ಲಿ (ಡೊಮೇನಿನ ಡಿಎನ್‌ಎಸ್ ದಾಖಲೆಗಳೆಲ್ಲ ಇರುವ ಫೈಲ್) ಒಂಟಿ @ ಅಂದರೆ ಆ ಝೋನಿನದೇ ಹೆಸರು, ಆದ್ದರಿಂದ ಇಮೇಲಿನಲ್ಲಿ @ ಬದಲು ಚುಕ್ಕೆ ಇಡಬೇಕು ಎನ್ನುವಷ್ಟು ಗೊತ್ತಿತ್ತು. ಪಾಲ್ ಮೊಕಪೆಟ್ರಿಸ್ 1987ರಲ್ಲಿ ಬರೆದ ಡಿಎನ್‌ಎಸ್ ನಿಯಮಗಳ ದಾಖಲೆ ಆರ್‌ಎಫ್‌ಸಿ 1035ರ ಪ್ರಕಾರ ಈ ವಿಳಾಸವೂ ಒಂದು ಡೊಮೇನ್ ಹೆಸರೇ. ಅದರ ಮೊದಲ ತುಂಡು ಮೇಲ್‌ಬಾಕ್ಸ್, ಉಳಿದದ್ದು ಡೊಮೇನ್. ನನ್ನ ಮೇಲ್‌ಬಾಕ್ಸ್ ಹೆಸರಾದ ಸಿಸ್ಟಂ.ಅಡ್ಮಿನ್‌ನಲ್ಲೇ ಚುಕ್ಕೆ ಇದೆಯಲ್ಲ! ಓದುವವರಿಗೆ ಅದು ಸಿಸ್ಟಂ@ಅಡ್ಮಿನ್.ಎಕ್ಸಾಂಪಲ್.ಕಾಮ್ ಆಗಿತ್ತು. ಅಂಥ ಡೊಮೇನೇ ನಮ್ಮಲ್ಲಿಲ್ಲ. ವ್ಯಾಕರಣ ಸರಿಯಿದ್ದುದರಿಂದ ಝೋನ್ ಫೈಲ್ ಪರೀಕ್ಷಿಸುವ ನೇಮ್ಡ್-ಚೆಕ್‌ಝೋನ್ ಪ್ರತಿಸಲವೂ ಓಕೆ ಅನ್ನುತ್ತಿತ್ತು.

ಹೆಸರಿನೊಳಗಿನ ಚುಕ್ಕೆಯ ಹಿಂದೆ ಬ್ಯಾಕ್‌ಸ್ಲ್ಯಾಶ್ ಹಾಕಿದೆ:

ಸಿಸ್ಟಂ\.ಅಡ್ಮಿನ್.ಎಕ್ಸಾಂಪಲ್.ಕಾಮ್.

ಕೊನೆಯ ಚುಕ್ಕೆ ಮರೆತರೆ ನೇಮ್‌ಸರ್ವರ್ ತಂತ್ರಾಂಶವಾದ ಬೈಂಡ್ ಝೋನಿನ ಹೆಸರನ್ನು ಬಾಲಕ್ಕೆ ಮತ್ತೊಮ್ಮೆ ಅಂಟಿಸುತ್ತದೆ, ಎಕ್ಸಾಂಪಲ್.ಕಾಮ್.ಎಕ್ಸಾಂಪಲ್.ಕಾಮ್ ಆಗಿಬಿಡುತ್ತದೆ. ಆಮೇಲೆ ಎಸ್‌ಒಎಯ ಸೀರಿಯಲ್ ನಂಬರ್ ಏರಿಸಿದೆ, ಅದು ಏರಿದ್ದು ಕಂಡರೆ ಎರಡನೇ ಸರ್ವರ್ ಹೊಸ ನಕಲು ತೆಗೆದುಕೊಳ್ಳುತ್ತದೆ. ಹಿಂದಿನ ಬದಲಾವಣೆಯಲ್ಲಿ ಅದನ್ನು ಏರಿಸದೆ ಬಿಟ್ಟದ್ದಕ್ಕೇ ಎರಡನೇ ಸರ್ವರ್ ಹಳೆಯ ನಕಲನ್ನು ಹಿಡಿದುಕೊಂಡು ಕೂತಿತ್ತು. ರೀಲೋಡ್ ಮಾಡಿ ಎರಡೂ ಸರ್ವರಿಗೆ ಬೇರೆಬೇರೆಯಾಗಿ ಡಿಗ್ ಹಾಕಿದೆ. ಒಂದೇ ಸೀರಿಯಲ್ ಬಂತು.

ಆದರೂ ಬ್ಯಾಕ್‌ಸ್ಲ್ಯಾಶ್ ನನಗೆ ಸಮಾಧಾನ ಕೊಡಲಿಲ್ಲ. ಇನ್ನೊಬ್ಬರು ಮನಸ್ಸಿನಲ್ಲೇ ಅದನ್ನು ಇಮೇಲ್ ಮಾಡಿಕೊಳ್ಳುವಾಗ ಎಡವುವುದು ಸುಲಭ. 1997ರ ಆರ್‌ಎಫ್‌ಸಿ 2142 ಡಿಎನ್‌ಎಸ್ ವಿಚಾರಕ್ಕೆಂದೇ ಹಾಸ್ಟ್‌ಮಾಸ್ಟರ್ ಎಂಬ ಹೆಸರು ಕೊಟ್ಟಿದೆ, ಅದರಲ್ಲಿ ಚುಕ್ಕೆಯಿಲ್ಲ. ವಾರದೊಳಗೆ ಹಾಸ್ಟ್‌ಮಾಸ್ಟರ್.ಎಕ್ಸಾಂಪಲ್.ಕಾಮ್. ಎಂದು ಬದಲಾಯಿಸಿ, ಆ ವಿಳಾಸದ ಮೇಲ್ ನನಗೂ ನನ್ನ ಸಹೋದ್ಯೋಗಿಗೂ ಬರುವಂತೆ ಮಾಡಿದೆ. ನಕಲಿ ಮೇಲ್ ತಡೆಯಲು ಇರುವ ಡಿಮಾರ್ಕ್‌ನ ಟಿಎಕ್ಸ್‌ಟಿ (ಪಠ್ಯ) ರೆಕಾರ್ಡಿನಲ್ಲಿದ್ದ @ ಅನ್ನು ಮಾತ್ರ ಮುಟ್ಟಲಿಲ್ಲ. ಅಲ್ಲಿರುವುದು ಉದ್ಧರಣ ಚಿಹ್ನೆಯೊಳಗಿನ ಬರೀ ಪಠ್ಯ, ಹಾಗೇ ಇರಬೇಕು.

ಕೊನೆಗೆ ಹೊರಗಿನ ಖಾತೆಯೊಂದರಿಂದ ಹೊಸ ವಿಳಾಸಕ್ಕೆ ಮೇಲ್ ಹಾಕಿದೆ. ಬಂತು. ಫೋನ್ ಮಾಡಿದ್ದ ಆ ಅಡ್ಮಿನ್‌ಗೆ ಅದೇ ವಿಳಾಸದಿಂದ ಧನ್ಯವಾದ ಬರೆದೆ.