ಮುರಿಯಲಿಕ್ಕೇ ಅಂತ ತಂದ ಆಟಿಕೆಗಳು

ಧಾರವಾಡದ ನಮ್ಮ ಮನೆಯಲ್ಲಿ ಎರಡು ಹಕ್ಕಿಗಳಿವೆ. ಚಿನ್ನಿ ಕಾಕಟೀಲ್, ಗುಂಡ್ಯಾ ಸನ್ ಕಾನ್ಯೂರ್. ಮನೆಗೆ ಬಂದವರೆಲ್ಲ "ಗಿಣಿ ಸಾಕೀರೇನ್ರಿ?" ಎಂದೇ ಕೇಳುತ್ತಾರೆ. ಇವೂ ಗಿಣಿಯ ಬಳಗವೇ, ಆದರೆ ಹೊರದೇಶದವು. ನಮ್ಮ ಹಸಿರು ಗಿಣಿಯನ್ನು ಪಂಜರದಲ್ಲಿ ಇಡಲು 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಗುಂಡ್ಯಾನನ್ನೂ ಸರ್ಕಾರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಮಾಡಿಸಬೇಕಾಯಿತು.

ಮೊದಲ ವರ್ಷ ನಾನು ಗಟ್ಟಿ ಆಟಿಕೆ ಹುಡುಕುತ್ತಿದ್ದೆ. ರೊಕ್ಕ ಕೊಟ್ಟಿದ್ದೇವೆ, ನಾಲ್ಕು ತಿಂಗಳು ಬಾಳಿಕೆ ಬರಲಿ ಅಂತ. ಗುಂಡ್ಯಾ ಅಂಥವನ್ನು ಮುಟ್ಟುತ್ತಲೇ ಇರಲಿಲ್ಲ. ಬದಲಿಗೆ ಕಿಟಕಿಯ ಪರದೆ ಕಡಿಯುತ್ತಿದ್ದ. ಅವನಿಗೆ ಬೇಕಾಗಿದ್ದು ಚೂರುಚೂರಾಗುವ ವಸ್ತು. ಅದು ತಿಳಿದ ಮೇಲೆ ನನ್ನ ಪ್ರಶ್ನೆಯೇ ಬದಲಾಯಿತು. ಈಗ ಏನನ್ನೇ ಪಂಜರಕ್ಕೆ ಕಟ್ಟುವ ಮೊದಲು ಎರಡೇ ನೋಡುತ್ತೇನೆ: ಇದು ಮುರಿದಾಗ ಹೊಟ್ಟೆಗೆ ಏನು ಹೋಗುತ್ತದೆ? ಬೆರಳು ಎಲ್ಲಿ ಸಿಕ್ಕಿಕೊಳ್ಳುತ್ತದೆ?

ಎರಡನೆಯ ಪ್ರಶ್ನೆ ಕಲಿಸಿದ್ದು ಗೆಜ್ಜೆ. ಊರಿನಿಂದ ಅಪ್ಪ ಎತ್ತಿನ ಗೆಜ್ಜೆಸರದ ಎರಡು ಗೆಜ್ಜೆ ತಂದು, ತಾನೇ ಪಂಜರಕ್ಕೆ ಕಟ್ಟಿದ್ದ. ನೋಡಲು ಚೆಂದ, ದನಿಯೂ ಚೆಂದ. ಮೂರನೇ ದಿನ ಚಿನ್ನಿಯ ಉಗುರು ಗೆಜ್ಜೆಯ ಸೀಳಿನಲ್ಲಿ ಸಿಕ್ಕಿತು. ಹಕ್ಕಿ ಬಿಡಿಸಿಕೊಳ್ಳಲು ನೋಡುವುದಿಲ್ಲ, ಗಾಬರಿಯಿಂದ ಎಳೆಯುತ್ತದೆ. ಸೀಳು ತುದಿಗೆ ಹೋಗುತ್ತಾ ಕಿರಿದಾಗುವುದರಿಂದ ಎಳೆದಷ್ಟೂ ಬಿಗಿಯಾಗುತ್ತದೆ. ನಾನು ಮನೆಯಲ್ಲೇ ಇದ್ದೆ, ಟವೆಲ್‌ನಲ್ಲಿ ಹಿಡಿದು ಬಿಡಿಸಿದೆ. ಉಗುರು ಕಿತ್ತು ರಕ್ತ ಬಂತು. ಕಾರ್ನ್‌ಫ್ಲೋರ್ ಒತ್ತಿ ಹಿಡಿದ ಮೇಲೆ ನಿಂತಿತು. ನಾನು ಮನೆಯಲ್ಲಿ ಇರದಿದ್ದರೆ? ಆ ಯೋಚನೆ ಇವತ್ತಿಗೂ ಬರುತ್ತದೆ.

ನೂಲಿನ ಹಗ್ಗದ ಕಥೆಯೂ ಅದೇ. ಹೊಸದಿದ್ದಾಗ ಒಳ್ಳೆಯದು. ಎಳೆ ಬಿಚ್ಚಿದ ಮೇಲೆ ಕೂದಲಿನಂಥ ದಾರ ಬೆರಳಿಗೆ ಸುತ್ತಿಕೊಳ್ಳುತ್ತದೆ, ನುಂಗಿದರೆ ಹೊಟ್ಟೆಯಲ್ಲಿ ಗಂಟಾಗುತ್ತದೆ. ನಾನು ಹಗ್ಗವನ್ನು ಪೂರ್ತಿ ಬಿಟ್ಟೆ. ಕಟ್ಟಲು ತೊಗಲಿನ ಪಟ್ಟಿ ತರೋಣ ಎಂದುಕೊಂಡಿದ್ದೆ, ಹದ ಮಾಡುವಾಗ ಕ್ರೋಮಿಯಂ ಹಾಕಿರುತ್ತಾರೆ ಅಂತ ಗೊತ್ತಾಗಿ ಅದನ್ನೂ ಕೈಬಿಟ್ಟೆ.

ಇನ್ನು ಲೋಹ. ಜಿಐ ತಂತಿ ಅಂದರೆ ಲೇಪ ಹಾಕಿದ ಕಬ್ಬಿಣದ ತಂತಿ. ಆ ಲೇಪ ಜಿಂಕ್, ಅದು ಹಕ್ಕಿಗೆ ವಿಷ. ಕೊಕ್ಕಿನಿಂದ ಕೆರೆದು ಕೆರೆದು ನುಂಗಿದರೆ ವಾಂತಿ, ನಿತ್ರಾಣ. ಹಿತ್ತಾಳೆಯಲ್ಲೂ ಜಿಂಕ್ ಇದೆ, ಅಂದರೆ ಅಪ್ಪನ ಗೆಜ್ಜೆಗೆ ಎರಡು ತಪ್ಪು. ಒಮ್ಮೆ ನಾನು ಜಾಣತನ ಮಾಡಿ ಅಯಸ್ಕಾಂತ ಹಿಡಿದುಕೊಂಡು ಅಂಗಡಿಗೆ ಹೋದೆ. ಒಳ್ಳೆ ಸ್ಟೀಲ್ ಸಾಮಾನ್ಯವಾಗಿ ಅಂಟುವುದಿಲ್ಲ, ಜಿಐ ಅಂಟುತ್ತದೆ. ಆದರೆ ಹಿತ್ತಾಳೆಯೂ ಅಂಟುವುದಿಲ್ಲ, ವಿಷವಾದ ಸೀಸವೂ ಅಂಟುವುದಿಲ್ಲ! ಹಾಗಾಗಿ ಅಂಟಿದ್ದನ್ನು ಬಿಡಲಿಕ್ಕೆ ಅದು ಸಾಕು, ಅಂಟದ್ದನ್ನು ನಂಬಲಿಕ್ಕೆ ಸಾಲದು. ಈಗ ನನ್ನ ಬಳಿ ಆರು ಸ್ಟೇನ್‌ಲೆಸ್ ಸ್ಟೀಲ್ ಸರಳು ಮತ್ತು ನಟ್ಟುಗಳಿವೆ. ತೊಳೆದು ತೊಳೆದು ಅವನ್ನೇ ಬಳಸುತ್ತೇನೆ.

ಸರಳಿಗೆ ಪೋಣಿಸುವ ಸಾಮಾನಿಗೆ ಮಾತ್ರ ಖರ್ಚೇ ಇಲ್ಲ. ಮೇದಾರ ಓಣಿಯಲ್ಲಿ ಬುಟ್ಟಿ ಹೆಣೆಯುವ ಅಜ್ಜಿಗೆ ಬಿದಿರಿನ ಚೂರು ಕೇಳಿದೆ. "ಒಲಿಗೆ ಹಾಕೂದಕ್ಕ ರೊಕ್ಕ ಯಾಕೋ ತಮ್ಮಾ, ಒಯ್ಯಿ" ಅಂದಳು. ಬಣ್ಣ, ವಾರ್ನಿಷ್ ಇಲ್ಲದ ಚೂರುಗಳನ್ನು ಆರಿಸಿ, ಸಿಬರು ತೆಗೆದು, ಕುದಿಯುವ ನೀರು ಹಾಕಿ, ಎರಡು ದಿನ ಬಿಸಿಲಿಗೆ ಇಡುತ್ತೇನೆ. ಹಿತ್ತಲಿನ ಪೇರಲ ಗಿಡದ ಕೊಂಬೆ ಇಬ್ಬರಿಗೂ ಪ್ರಾಣ, ತೊಗಟೆ ಸುಲಿಯುವುದರಲ್ಲೇ ಒಂದು ಮಧ್ಯಾಹ್ನ ಕಳೆಯುತ್ತಾರೆ. ತೋಟದ ಕೊಂಬೆ ತರುವುದಿಲ್ಲ, ಔಷಧ ಹೊಡೆದಿರುತ್ತಾರೆ. ಕಣಗಿಲೆಯ ಹತ್ತಿರವಂತೂ ಸುಳಿಯಲೇಬಾರದು. ಪ್ಲೈವುಡ್ ಚೂರು ಬೇಡ, ಅದರ ತುಂಬ ಅಂಟು.

ಗೋವಿನಜೋಳದ ಸಿಪ್ಪೆ, ಒಣ ತೆನೆ ಕೂಡ ಒಳ್ಳೆಯವು. ಆದರೆ ನಮ್ಮೂರಿನ ಮಳೆಗಾಲ ಗೊತ್ತಲ್ವಾ, ವಾರದೊಳಗೆ ಬೂಷ್ಟು. ಬೂಷ್ಟು ಹಿಡಿದದ್ದು ಹಕ್ಕಿಯ ಶ್ವಾಸಕ್ಕೆ ಕೇಡು. ಜೂನ್‌ನಿಂದ ಸೆಪ್ಟೆಂಬರ್ ತನಕ ಬರೀ ಬಿದಿರು ಮತ್ತು ಬಿಳಿ ಕಾಗದ. ಅಂಗಡಿಯ ಬಿಲ್ಲು ಮಾತ್ರ ಕೊಡುವುದಿಲ್ಲ, ಆ ಕಾಗದಕ್ಕೆ ರಾಸಾಯನಿಕ ಬಳಿದಿರುತ್ತದೆ. ಪಿನ್ನು ಹೊಡೆದ ಕಾಗದವೂ ಬೇಡ. ಚಿನ್ನಿಗೆ ತೆಳ್ಳಗಿನದು, ಗುಂಡ್ಯಾನಿಗೆ ದಪ್ಪನೆಯದು. ಅದಲುಬದಲಾದರೆ ಒಬ್ಬಳಿಗೆ ಬೇಸರ, ಇನ್ನೊಬ್ಬನಿಗೆ ಐದು ನಿಮಿಷದ ಕೆಲಸ.

ಒಂದು ತಲೆನೋವು ಇನ್ನೂ ಉಳಿದಿದೆ. ನನ್ನನ್ನು ತೂಗಿದ ಕಲಘಟಗಿ ತೊಟ್ಟಿಲು ಪಡಸಾಲೆಯಲ್ಲಿದೆ. ಹಿಂದೆ ಯಾರೋ ಅದಕ್ಕೆ ಆಯಿಲ್ ಪೇಂಟ್ ಬಳಿದಿದ್ದಾರೆ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ತೊಟ್ಟಿಲಿನ ಬಣ್ಣ ಅದಕ್ಕಿಂತ ಎಷ್ಟೋ ಹಳೆಯದು. ಗುಂಡ್ಯಾನನ್ನು ಪಂಜರದಿಂದ ಬಿಟ್ಟರೆ ಸೀದಾ ಅದರ ಕಾಲಿಗೇ ಹೋಗುತ್ತಾನೆ. ದಿನಾ ಸಂಜೆ ಅದಕ್ಕೆ ಚಾದರ ಹೊದಿಸಿ ಆಮೇಲೆ ಬಾಗಿಲು ತೆಗೆಯುತ್ತೇವೆ. ನನಗೆ ಹಕ್ಕಿಯ ಚಿಂತೆ, ಅವ್ವನಿಗೆ ತೊಟ್ಟಿಲಿನದು.