ಸ್ಟೈಪೆಂಡ್ ಬರುವ ಪಿಎಚ್‌ಡಿಗೆ ಸೇರುವುದು ಹೇಗೆ?

ಪಿಎಚ್‌ಡಿ ಮಾಡ್ತೀನಿ ಅಂದಾಗ ಅಪ್ಪ ಕೇಳಿದ್ದು ಒಂದೇ: "ಎಷ್ಟು ಕಟ್ಬೇಕು ಮಗಾ?" ಅಪ್ಪ ಅರೇಹಳ್ಳಿ ಕಡೆ ಎಸ್ಟೇಟ್ ಒಂದರಲ್ಲಿ ರೈಟರ್. ಕಟ್ಟೋದಲ್ಲ, ಅವರೇ ಕೊಡ್ತಾರೆ ಅಂದರೆ ನಂಬಲಿಲ್ಲ. ಹಾಸನದಲ್ಲಿ ಕೆಮಿಸ್ಟ್ರಿ ಎಂಎಸ್ಸಿ ಓದುವ ಹುಡುಗ ಹುಡುಗಿಯರು ಈಗ ನನ್ನನ್ನೂ ಅದನ್ನೇ ಕೇಳುತ್ತಾರೆ. ನಾನು ಬೆಂಗಳೂರಿನ ಲ್ಯಾಬೊಂದರಲ್ಲಿ ಕ್ಯಾಟಲಿಸ್ಟ್‌ಗಳ (ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ವಸ್ತುಗಳ) ಮೇಲೆ ಮೂರನೇ ವರ್ಷ ತಳ್ಳುತ್ತಿದ್ದೇನೆ.

ದುಡ್ಡಿನ ದಾರಿ ಮುಖ್ಯವಾಗಿ ಎರಡು. ಒಂದು ಸಿಎಸ್‌ಐಆರ್-ಯುಜಿಸಿ ನೆಟ್, ವಿಜ್ಞಾನದವರಿಗೆ ನಡೆಸುವ ರಾಷ್ಟ್ರೀಯ ಪರೀಕ್ಷೆ. ಬರೀ ಪಾಸಾದರೆ ಸಾಲದು, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಪಟ್ಟಿಯಲ್ಲಿ ಹೆಸರಿರಬೇಕು. 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000, ಆಮೇಲೆ ಎಸ್‌ಆರ್‌ಎಫ್ (ಸೀನಿಯರ್ ಫೆಲೋ) ಆದರೆ 42,000 ರೂಪಾಯಿ. ಹಾಸ್ಟೆಲ್ ಸಿಗದಿದ್ದರೆ ಬಾಡಿಗೆ ಭತ್ಯೆ ಬೇರೆ. ಇನ್ನೊಂದು ಗೇಟ್ ಪರೀಕ್ಷೆ, ನಮಗೆ ಸಿವೈ ಅಂದರೆ ಕೆಮಿಸ್ಟ್ರಿ ಪೇಪರ್, ಸ್ಕೋರ್ ಮೂರು ವರ್ಷ ನಡೆಯುತ್ತದೆ. ಎರಡನ್ನೂ ಫೈನಲ್ ಇಯರ್‌ನಲ್ಲೇ ಬರೆಯಬಹುದು.

ನೆಟ್‌ನ 200 ಅಂಕದಲ್ಲಿ ಅರ್ಧ ಇರುವುದು ಸಿ ಭಾಗದಲ್ಲಿ. 60 ಪ್ರಶ್ನೆಯಲ್ಲಿ 25 ಬರೆದರೆ ಸಾಕು, ಒಂದಕ್ಕೆ 4 ಅಂಕ, ತಪ್ಪಿದರೆ 1 ಹೋಗುತ್ತದೆ. ಹಾಗಾಗಿ ಯಾವುದನ್ನು ಬಿಡಬೇಕು ಅನ್ನೋದನ್ನು ಕಲಿಯಿರಿ. ಎ ಭಾಗದ (ಎಲ್ಲ ವಿಷಯದವರಿಗೂ ಇರುವ ಸಾಮಾನ್ಯ ಪ್ರಶ್ನೆಗಳ) ಲೆಕ್ಕಗಳನ್ನು ನಾನು ಬೇಲೂರು–ಹಾಸನ ಬಸ್ಸಿನಲ್ಲೇ ಮುಗಿಸಿದೆ, ಸೀಟು ಸಿಕ್ಕ ದಿನ.

ಹಿಂದುಳಿದ ವರ್ಗದವರಿಗೆ ಒಂದು ಮಾತು: 2ಎ, 3ಎ ಅಂತಿರುವ ರಾಜ್ಯದ ಸರ್ಟಿಫಿಕೇಟ್ ಇಲ್ಲಿ ನಡೆಯಲ್ಲ. ಕೇಂದ್ರದ ನಮೂನೆಯ ಒಬಿಸಿ ಸರ್ಟಿಫಿಕೇಟ್ ಬೇಕು. ಕೊನೇ ವಾರಕ್ಕೆ ಇಟ್ಟುಕೊಳ್ಳದೆ ಮೊದಲೇ ನಾಡಕಚೇರಿಗೆ ಹೋಗಿ ಬನ್ನಿ.

ಇನ್ನು ಪರೀಕ್ಷೆ ಆದಮೇಲೆ ಪಿಎಚ್‌ಡಿ ಸೀಟಿಗೆ ನಡೆಯುವ ಸಂದರ್ಶನ. ಜಾಸ್ತಿ ಜನ ಬೀಳೋದು ಇಲ್ಲೇ, ನಾನೂ ಬಿದ್ದೆ. ನನ್ನ ಎಂಎಸ್ಸಿ ಪ್ರಾಜೆಕ್ಟ್‌ನಲ್ಲಿ ಕಾಫಿ ಹೊಟ್ಟನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಜೊತೆ ನೈಟ್ರೋಜನ್ ಹರಿವಿನಲ್ಲಿ 700 ಡಿಗ್ರಿಗೆ ಕಾಯಿಸಿ, ಬಂದ ಇದ್ದಿಲಿನ ಮೇಲೆ ನಿಕ್ಕಲ್ ಕೂರಿಸಿದ್ದೆ. ಪುಡಿಯ ಮೇಲ್ಮೈ ವಿಸ್ತೀರ್ಣವನ್ನು ಬಿಇಟಿ ಅನ್ನುವ ವಿಧಾನದಲ್ಲಿ ಬೇರೆ ಕಡೆ ಅಳತೆ ಮಾಡಿಸಿ ತಂದಿದ್ದೆ. ಅಂಕಿ ಬಾಯಿಪಾಠ. "ಬಿಇಟಿಯಲ್ಲಿ ನೈಟ್ರೋಜನ್ನನ್ನು 77 ಕೆಲ್ವಿನ್‌ನಲ್ಲೇ ಯಾಕೆ ಬಿಡ್ತಾರೆ?" ಅಂದರು ಸಂದರ್ಶಕರು. ನಾನು ಸುಮ್ಮನೆ ಮೇಜು ನೋಡಿದೆ. ಅದು ನೈಟ್ರೋಜನ್ ಕುದಿಯುವ ಬಿಂದು. ಅಷ್ಟು ತಣ್ಣಗಿದ್ದರೇ ಅಣುಗಳು ಮೇಲ್ಮೈಗೆ ಪದರವಾಗಿ ಅಂಟಿ ಕೂರುವುದು. ಮೊದಲ ಪದರದಲ್ಲಿ ಎಷ್ಟು ಕೂತಿವೆ ಅಂತ ಲೆಕ್ಕ ಹಾಕಿ, ತಲಾ 0.162 ಚದರ ನ್ಯಾನೋಮೀಟರ್‌ನಿಂದ ಗುಣಿಸಿದರೆ ವಿಸ್ತೀರ್ಣ. ಇಷ್ಟು ಹೇಳಿದ್ದರೆ ಸಾಕಿತ್ತು.

ಎರಡನೇ ಕಡೆಯ ಸಂದರ್ಶನದಲ್ಲಿ ಕೇಳಿದ್ದು ಇನ್ನೂ ಚೂಪು. ಕ್ಯಾಟಲಿಸ್ಟ್ ಪರೀಕ್ಷಿಸಲು ನಾಲ್ಕು-ನೈಟ್ರೋಫೀನಾಲ್ ದ್ರಾವಣಕ್ಕೆ ಸೋಡಿಯಂ ಬೋರೋಹೈಡ್ರೈಡ್, ನನ್ನ ಪುಡಿ ಎರಡನ್ನೂ ಹಾಕಿದರೆ ಹಳದಿ ಮಾಯವಾಗುತ್ತಿತ್ತು. "ಕ್ಯಾಟಲಿಸ್ಟ್ ಕೆಲಸ ಮಾಡಿತೋ, ಇದ್ದಿಲು ಬಣ್ಣ ಹೀರಿಕೊಂಡಿತೋ?" ಪುಣ್ಯಕ್ಕೆ ಬೋರೋಹೈಡ್ರೈಡ್ ಇಲ್ಲದೆಯೂ ಒಂದು ಸಲ ನೋಡಿದ್ದೆ. ಹಾಗೆ ಮಾಡಿದಾಗ ಬೆಳಕು ಹೀರುವ ಗ್ರಾಫ್‌ನಲ್ಲಿ ನೈಟ್ರೋಫೀನಾಲ್‌ನ ಪೀಕ್ ಸ್ವಲ್ಪ ಇಳಿದು ನಿಂತಿತ್ತು. ಬೋರೋಹೈಡ್ರೈಡ್ ಹಾಕಿದಾಗ ಮಾತ್ರ 400 ನ್ಯಾನೋಮೀಟರ್‌ನ ಪೀಕ್ ಇಳಿದಂತೆಲ್ಲ 300ರ ಹತ್ತಿರ ಅಮೈನೋಫೀನಾಲ್‌ದು, ಅಂದರೆ ಕ್ರಿಯೆಯಿಂದ ಬರುವ ಹೊಸ ವಸ್ತುವಿನದು, ಏಳುತ್ತಿತ್ತು. ಗ್ರಾಫ್ ಅನ್ನು ಬೋರ್ಡ್ ಮೇಲೆ ಬರೆದು ತೋರಿಸಿದೆ. ಸೀಟಾಯಿತು. ನಿಮ್ಮ ಪ್ರಾಜೆಕ್ಟ್‌ನಲ್ಲೂ ಇಂಥ ಒಂದು ಅನುಮಾನ ಇದ್ದೇ ಇರುತ್ತದೆ, ಹುಡುಕಿಟ್ಟುಕೊಂಡು ಹೋಗಿ.

ಗೈಡ್‌ಗಳಿಗೆ ಮೇಲ್ ಬರೆಯುವಾಗ "ರೆಸ್ಪೆಕ್ಟೆಡ್ ಸರ್" ಅಂತ ಒಂದೇ ಪತ್ರವನ್ನು ಮೂವತ್ತು ಜನಕ್ಕೆ ಕಳಿಸಬೇಡಿ, ಮೇಡಂಗಳಿಗೂ ಅದೇ ಹೋಗುತ್ತದೆ. ಅವರ ಒಂದು ಪೇಪರ್ ಓದಿ, ನೀವು ಕೈಯಾರೆ ಮಾಡಿದ್ದೇನು ಅಂತ ನಾಲ್ಕು ಸಾಲು ಬರೆದರೆ ಆಯಿತು.

ಗೈಡ್‌ನ ಪ್ರಾಜೆಕ್ಟ್ ಹಣದಿಂದ ಸಂಬಳ ಬರುವ ಹುದ್ದೆಯಾದರೆ ಆ ಪ್ರಾಜೆಕ್ಟ್ ಯಾವಾಗ ಮುಗಿಯುತ್ತದೆ ಅಂತ ಸೇರುವ ಮೊದಲೇ ಕೇಳಿ. ಮೊದಲ ಸ್ಟೈಪೆಂಡ್ ನನಗೆ ಐದು ತಿಂಗಳು ತಡವಾಗಿ ಒಟ್ಟಿಗೆ ಬಂತು; ಅಲ್ಲಿವರೆಗಿನ ಮೆಸ್ ಖರ್ಚು ಕೈಯಲ್ಲಿರಲಿ. ಅದೇ ಲ್ಯಾಬಿನ ಸೀನಿಯರ್ ಒಬ್ಬರಿಗೆ ಫೋನ್ ಹಾಕಿ: ಹಿಂದಿನವರು ಎಷ್ಟು ವರ್ಷಕ್ಕೆ ಥೀಸಿಸ್ ಕೊಟ್ಟರು, ಬಿಇಟಿ ಮಿಷನ್ ಅಲ್ಲೇ ಇದೆಯಾ, ಇದ್ದರೆ ಓಡುತ್ತಾ?